ಬನ್ನಿ ಎಂಬ ಉಡುಗೊರೆ

‘ಗುರುಗಳೇ, ಕೂಲಿಯನ್ನಲ್ಲದೆ ಇನ್ನೇನನ್ನು ಕೊಟ್ಟರೆ ದುಡಿಯುವವನು ಮನಸ್ಸಿಟ್ಟು ದುಡಿಯುತ್ತಾನೆ, ಬಿಟ್ಟುಹೋಗದೆ ಉಳಿಯುತ್ತಾನೆ?’

ಹೀಗೆ ಕೇಳಿದ ಶಿಷ್ಯನು ಹನ್ನೊಂದು ವರ್ಷದಿಂದ ಮಠದಲ್ಲಿದ್ದವನು. ಓಲೆಗಳನ್ನು ಪ್ರತಿಮಾಡುವ ಎಂಟು ಮಂದಿ ಲಿಪಿಕಾರರು ಅವನ ಕೈಕೆಳಗಿದ್ದರು. ಆ ತಿಂಗಳು ಅವರಲ್ಲಿ ಇಬ್ಬರು ಬೇರೊಂದು ಮಠಕ್ಕೆ ಹೊರಟುಹೋಗಿದ್ದರು. ಆದುದರಿಂದ ಪ್ರಶ್ನೆ ಸಹಜವಾಗಿಯೇ ಇತ್ತು.

ಆದರೆ ಗುರುಗಳು ಪ್ರಶ್ನೆಗಿಂತ ಅದನ್ನು ಕೇಳಿದ ದನಿಗೆ ಹೆಚ್ಚು ಕಿವಿಗೊಟ್ಟರು. ಮೂರು ತಿಂಗಳ ಹಿಂದೆ ತರ್ಕಶಾಸ್ತ್ರ ಬಲ್ಲ ಪಂಡಿತನೊಬ್ಬನು ಆ ಮಠಕ್ಕೆ ಬಂದಿದ್ದನು. ಗುರುಗಳು ಅವನನ್ನು ‘ಬನ್ನಿ, ಕುಳಿತುಕೊಳ್ಳಿ’ ಎನ್ನುತ್ತಿದ್ದರು. ಈ ಶಿಷ್ಯನನ್ನು ‘ಬಾರೋ’ ಎನ್ನುತ್ತಿದ್ದರು. ಪ್ರತಿ ಸಂಜೆ ತಾವು ಬರೆದ ಓಲೆಯನ್ನು ಇವನ ಮುಂದಿಟ್ಟು, ‘ನೋಡೋ, ತಪ್ಪಿದ್ದರೆ ತಿದ್ದೋ’ ಎನ್ನುತ್ತಿದ್ದರು. ನಿನ್ನೆಯ ಸಂಜೆಯೂ ಹಾಗೆಯೇ ಇಟ್ಟಿದ್ದರು. ಶಿಷ್ಯನು ಅದನ್ನು ಓದಿ, ಏನೊಂದನ್ನೂ ಹೇಳದೆ ಹಿಂದಕ್ಕೆ ಕೊಟ್ಟಿದ್ದನು.

ಗುರುಗಳು ಕೈಯಲ್ಲಿದ್ದ ಬರೆಯುವ ಕಂಟವನ್ನು ಕೆಳಗಿಟ್ಟು ಹೇಳತೊಡಗಿದರು.

ಹೊಳೆಯ ದಡದ ಊರೊಂದರಲ್ಲಿ ಒಬ್ಬ ವರ್ತಕನಿದ್ದನು. ನೂಲಿಗೆ ನೀಲಿ ಹಾಕಿಸಿ ನೇಯುವವರಿಗೆ ಮಾರುವುದು ಅವನ ವೃತ್ತಿ. ಅವನ ಬಣ್ಣದ ಅಂಗಳದಲ್ಲಿ ಐದು ಗುಡಾಣಗಳನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂಳಿದ್ದರು. ಹದಿನಾಲ್ಕು ಮಂದಿ ಆಳುಗಳು ಅಲ್ಲಿ ದುಡಿಯುತ್ತಿದ್ದರು. ಅವನ ನೀಲಿ ಎಷ್ಟು ಒಗೆದರೂ ಬಿಡುವುದಿಲ್ಲವೆಂದು ಸುತ್ತಲಿನ ಸೀಮೆಗಳಲ್ಲಿ ಹೆಸರಾಗಿತ್ತು.

ಆ ಹೆಸರಿಗೆ ಕಾರಣನಾದವನು ಮುದ್ದಯ್ಯನೆಂಬ ಬಣ್ಣಗಾರ. ನೀಲಿಯ ಉಂಡೆ, ಸುಣ್ಣದ ತಿಳಿ, ಬೇಯಿಸಿದ ತಗಚೆಯ ಬೀಜ ಇವನ್ನು ಗುಡಾಣಕ್ಕೆ ಹಾಕಿ ಮುಚ್ಚಿಟ್ಟರೆ ಕೆಲವು ದಿನಗಳಲ್ಲಿ ಅದು ಹುಳಿತು ಹದಕ್ಕೆ ಬರುತ್ತದೆ. ಹದ ಬಂದ ಗುಡಾಣದ ನೀಲಿ ನೂಲಿನೊಳಕ್ಕೆ ಇಳಿಯುತ್ತದೆ. ಹದ ಬಾರದ ಗುಡಾಣದ ನೀಲಿ ನೂಲಿನ ಮೇಲೆ ಕೂರುತ್ತದೆ. ಕಣ್ಣಿಗೆ ಎರಡೂ ಒಂದೇ; ನೀರಿಗೆ ಹಾಕಿದ ಮೇಲೆಯೇ ಭೇದ ತಿಳಿಯುವುದು. ಮುದ್ದಯ್ಯನು ಮಾತ್ರ ಬೆರಳನ್ನು ಅದ್ದಿ, ನಾಲಿಗೆಗೆ ಮುಟ್ಟಿಸಿ, ನೂಲು ಇಳಿಯುವ ಮೊದಲೇ ಅದನ್ನು ಹೇಳಬಲ್ಲವನಾಗಿದ್ದನು. ಅವನ ನಾಲಿಗೆಯ ತುದಿ ಯಾವಾಗಲೂ ನೀಲಿಯಾಗಿರುತ್ತಿತ್ತು.

ಅವನೂ ವರ್ತಕನೂ ಒಂದೇ ವಯಸ್ಸಿನವರು. ವರ್ತಕನ ತಂದೆಯ ಕಾಲದಿಂದ ಅವನು ಆ ಅಂಗಳದಲ್ಲಿದ್ದನು. ದಿನವೂ ಬೆಳಿಗ್ಗೆ ವರ್ತಕನು ಬಂದು, ‘ಏನೋ ಮುದ್ದ, ಹದ ಬಂತೇನೋ?’ ಎಂದು ಕೇಳುವನು. ಬಂತು ಎಂದರೆ ನೂಲು ಇಳಿಯುವುದು. ಇಲ್ಲವೆಂದರೆ, ಕೊಳ್ಳುವವನು ಬಾಗಿಲಲ್ಲಿ ಕಾದಿದ್ದರೂ ಇಳಿಯದು. ಇಪ್ಪತ್ತೆಂಟು ವರ್ಷಗಳಲ್ಲಿ ವರ್ತಕನು ಒಂದು ದಿನವೂ ತಾನಾಗಿ ಗುಡಾಣಕ್ಕೆ ಬೆರಳನ್ನು ಅದ್ದಿದವನಲ್ಲ.

ಹೀಗಿರಲು ಹೊಳೆಯ ಆಚೆಯ ದಡದಲ್ಲಿ ಇನ್ನೊಬ್ಬ ವರ್ತಕನು ಬಣ್ಣದ ಅಂಗಳವನ್ನು ತೆರೆದು, ಹೆಚ್ಚು ಕೂಲಿ ಕೊಡುವೆನೆಂದು ಹೇಳಿಕಳುಹಿಸಿದನು. ಈಚೆಯ ಆಳುಗಳು ದೋಣಿ ಹತ್ತತೊಡಗಿದರು. ಕೂಲಿಯನ್ನು ಹೆಚ್ಚಿಸುವ ಶಕ್ತಿ ಈಚೆಯ ವರ್ತಕನಿಗೆ ಇರಲಿಲ್ಲ. ಅವನು ಎಲ್ಲರಿಗೂ ಒಂದೊಂದು ಪಂಚೆಯನ್ನು ಕೊಟ್ಟನು. ಇಬ್ಬರು ಆ ಪಂಚೆಯನ್ನು ಉಟ್ಟುಕೊಂಡೇ ದೋಣಿ ಹತ್ತಿದರು. ಮಧ್ಯಾಹ್ನದ ಊಟಕ್ಕೆ ಪಾಯಸ ಮಾಡಿಸಿದನು. ಪಾಯಸವನ್ನು ಉಂಡವರು, ಆಚೆಯ ದಡದಲ್ಲಿ ಹೋಳಿಗೆಯಂತೆ ಎಂದು ತಮ್ಮೊಳಗೆ ಮಾತಾಡಿಕೊಂಡರು.

ಉಳಿದವರಲ್ಲಿ ಸಂಪಣ್ಣನೆಂಬವನು ಒಬ್ಬ. ಅದ್ದಿದ ನೂಲಿನ ಲಡಿಗಳನ್ನು ಹಿಂಡಿ ಒಣಹಾಕುವುದು ಅವನ ಕೆಲಸ. ತೋಳಿನ ಬಲದಲ್ಲಿ ಅವನಿಗೆ ಸರಿಯಾದವರು ಇರಲಿಲ್ಲ. ಬಂದು ಮೂರು ವರ್ಷವಾಗಿತ್ತು. ಅವನೂ ಹೊರಡಲು ನಿಶ್ಚಯಿಸಿ, ಒಂದು ಬೆಳಿಗ್ಗೆ ಹೇಳಿಹೋಗಲೆಂದು ವರ್ತಕನ ಮನೆಯ ಜಗಲಿಗೆ ಬಂದನು.

ವರ್ತಕನು ಗೋಡೆಯ ಕಡೆಗೆ ಮುಖಮಾಡಿ ರುಮಾಲು ಸುತ್ತಿಕೊಳ್ಳುತ್ತಿದ್ದನು. ಆ ದಿನ ದೂರದ ಊರಿನಿಂದ ನೂಲು ಕೊಳ್ಳುವವರೊಬ್ಬರು ಬರುವವರಿದ್ದರು. ಹೆಜ್ಜೆಯ ಸದ್ದು ಕೇಳಿ, ಅವರೇ ಬಂದರೆಂದು ಬಗೆದು, ತಿರುಗದೆಯೇ, ‘ಬನ್ನಿ, ಬನ್ನಿ, ದಯವಿಟ್ಟು ಕುಳಿತುಕೊಳ್ಳಿ’ ಎಂದನು.

ಸಂಪಣ್ಣನು ಹಿಂದಿರುಗಿ ನೋಡಿದನು. ಅಲ್ಲಿ ಯಾರೂ ಇರಲಿಲ್ಲ.

ವರ್ತಕನು ತಿರುಗಿದಾಗ ಆಳು ಚಾಪೆಯ ಅಂಚಿನಲ್ಲಿ ಕುಳಿತಿದ್ದನು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ವರ್ತಕನಿಗೆ ಸಂಕೋಚವಾಯಿತು. ‘ಏನು ಬಂದಿರಿ, ಸಂಪಣ್ಣನವರೇ?’ ಎಂದು ಅದೇ ಧಾಟಿಯಲ್ಲಿ ಮುಂದುವರಿದನು. ಸಂಪಣ್ಣನಿಗೆ ತಾನು ಹೇಳಬಂದುದು ಮರೆಯಿತು. ಸುಮ್ಮನೆ ಬಂದೆನೆಂದು ಹೇಳಿ, ಎದ್ದುಹೋಗಿ, ಆ ದಿನ ಇಬ್ಬರು ಹಿಂಡುವಷ್ಟು ಲಡಿಗಳನ್ನು ಒಬ್ಬನೇ ಹಿಂಡಿದನು. ದೋಣಿಯ ಮಾತು ಮತ್ತೆ ಅವನ ಬಾಯಿಂದ ಬರಲಿಲ್ಲ.

ಇದನ್ನು ಕಂಡ ವರ್ತಕನಿಗೆ ಗುಪ್ತನಿಧಿ ಸಿಕ್ಕಿದಂತಾಯಿತು. ಕೂಲಿಯಾದರೆ ಕೊಟ್ಟಷ್ಟೂ ಪೆಟ್ಟಿಗೆ ಬರಿದಾಗುತ್ತದೆ. ಈ ಮಾತನ್ನು ಎಷ್ಟು ಕೊಟ್ಟರೂ ಬಾಯಿ ಬರಿದಾಗುವುದಿಲ್ಲವೆಂದು ಅವನು ಯೋಚಿಸಿದನು. ಎಲ್ಲರಿಗೂ ಕೊಟ್ಟುಬಿಟ್ಟರೆ ಇದಕ್ಕೆ ಬೆಲೆ ಉಳಿಯದೆಂದೂ ಯೋಚಿಸಿದನು. ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿ ಒಂದು ಕಟ್ಟಳೆಯನ್ನು ಸಾರಿದನು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಯಾರು ಎಲ್ಲರಿಗಿಂತ ಹೆಚ್ಚು ಕೆಲಸ ಮಾಡುವರೋ ಅವರನ್ನು ಮುಂದಿನ ತಿಂಗಳೆಲ್ಲ ‘ಬನ್ನಿ’ ಎಂದು ಕರೆಯಲಾಗುವುದು. ಅವರ ಹೆಸರಿಗೆ ‘ನವರು’ ಸೇರಿಸಲಾಗುವುದು. ಉಳಿದವರೂ ಹಾಗೆಯೇ ಕರೆಯತಕ್ಕದ್ದು.

ಆಳುಗಳು ಮೊದಲು ನಕ್ಕರು. ಆಮೇಲೆ ಕೆಲಸಕ್ಕೆ ಬಿದ್ದರು. ಮೊದಲನೆಯ ಅಮಾವಾಸ್ಯೆಗೆ ಸಂಪಣ್ಣನು ‘ನವರು’ ಆದನು. ಎರಡನೆಯದಕ್ಕೂ ಅವನೇ ಆದನು, ಮೂರನೆಯದಕ್ಕೂ ಅವನೇ. ಅವನು ಹಿಂಡಿದ ಲಡಿಗಳು ಹಗ್ಗದ ಮೇಲೆ ಕಾಣುತ್ತಿದ್ದವು, ಎಣಿಸಿ ನೋಡಬಹುದಾಗಿತ್ತು. ಹದವನ್ನು ಎಣಿಸುವ ಬಗೆ ಯಾರಿಗೂ ತಿಳಿಯದು. ಆದುದರಿಂದ ಮುದ್ದಯ್ಯನ ಹೆಸರು ಆ ಲೆಕ್ಕಕ್ಕೆ ಬರಲೇ ಇಲ್ಲ. ಸಂಪಣ್ಣನು ಒಗೆದ ಬಿಳಿಯ ಅಂಗಿಯನ್ನು ತೊಟ್ಟು ಬಣ್ಣದ ಅಂಗಳಕ್ಕೆ ಬರತೊಡಗಿದನು. ‘ದಾರಿ ಬಿಡ್ರಪ್ಪ, ನವರು ಬಂದರು, ಮೈಗೆ ನೀಲಿ ಹಾರೀತು’ ಎಂದು ಜೊತೆಯವರು ಕುಟುಕುತ್ತಿದ್ದರು. ಅವನು ಅದರಲ್ಲಿ ‘ನವರು’ ಎಂಬುದನ್ನು ಮಾತ್ರ ಕೇಳಿಸಿಕೊಳ್ಳುತ್ತಿದ್ದನು.

ಮುದ್ದಯ್ಯನು ಅದುವರೆಗೆ ತನ್ನನ್ನು ಏನೆಂದು ಕರೆಯುತ್ತಾರೆಂಬುದನ್ನು ಗಮನಿಸಿದವನಲ್ಲ. ಈಗ ‘ಬಾರೋ’ ಎಂಬುದು ಪ್ರತಿ ಸಲವೂ ಮುಳ್ಳಿನಂತೆ ಕಿವಿಗೆ ತಾಗಿತು. ಅಂಗಳದ ಆಚೆಯ ತುದಿಯಲ್ಲಿ ವರ್ತಕನು ‘ಸಂಪಣ್ಣನವರೇ’ ಎಂದು ಮೆಲ್ಲನೆ ಕರೆದರೂ ಈಚೆಯ ತುದಿಯಲ್ಲಿ ಮುದ್ದಯ್ಯನಿಗೆ ಅದು ಕೇಳಿಸುತ್ತಿತ್ತು. ಒಂದು ದಿನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಅವನು ಬರಿದಾದ ಗುಡಾಣವೊಂದರ ಬಾಯಿಗೆ ಬಗ್ಗಿ, ‘ಮುದ್ದಯ್ಯನವರೇ, ಬನ್ನಿ’ ಎಂದು ತಾನೇ ಹೇಳಿದನು. ಗುಡಾಣ ಅದನ್ನು ತಿರುಗಿ ಹೇಳಿತು. ಅವನು ಸುತ್ತ ನೋಡಿ, ಗುಡಾಣದ ಮೇಲೆ ಮುಚ್ಚಳವನ್ನು ಎಳೆದನು.

ಮನೆಯಲ್ಲಿ ಅವನಿಗೆ ಊಟ ಸೇರದಾಯಿತು. ಹೆಂಡತಿ ದೇಮವ್ವ ಕಾರಣವನ್ನು ಕೇಳಿ ತಿಳಿದು ನಕ್ಕಳು.

‘ಇಷ್ಟು ವರ್ಷ ನಿನ್ನನ್ನು ಏಳು, ಉಣ್ಣು ಎನ್ನುತ್ತ ಬಂದೆ. ನಾಳೆಯಿಂದ ಏಳಿ, ಊಟಮಾಡಿ ಎನ್ನುತ್ತೇನೆ, ಆಗಲಿ. ಆದರೆ ನೀನು ನನ್ನ ಮನೆಗೆ ಬಂದ ನೆಂಟನಾಗಿಬಿಡುತ್ತೀಯೆ. ನೆಂಟರಿಗೆ ಎರಡು ದಿನ ಬಡಿಸುತ್ತೇನೆ, ಮೂರನೆಯ ದಿನ ನನ್ನ ಕೈಲಾಗದು.’

ಮುದ್ದಯ್ಯನು ನಗಲಿಲ್ಲ. ಅವಳ ಮಾತಿನಲ್ಲಿ ಏಳಿ, ಊಟಮಾಡಿ ಎಂಬಿಷ್ಟೇ ಅವನ ಮನಸ್ಸಿನಲ್ಲಿ ಉಳಿಯಿತು.

ಮರುದಿನ ಅವನು ಧೈರ್ಯಮಾಡಿ, ಸಂಪಣ್ಣನು ಬಂದು ಇನ್ನೂ ಮೂರು ವರ್ಷ, ತಾನು ಬಂದು ಇಪ್ಪತ್ತೆಂಟು ವರ್ಷ ಎಂದು ವರ್ತಕನಿಗೆ ಹೇಳಿದನು. ಅದಕ್ಕಿಂತ ಮುಂದಕ್ಕೆ ಮಾತು ಹೊರಡಲಿಲ್ಲ. ವರ್ತಕನು ಅವನ ಬೆನ್ನು ತಟ್ಟಿ, ‘ನೀನು ನಮ್ಮವನಲ್ಲವೇನೋ ಮುದ್ದ, ನಿನಗೇಕೋ ಅದೆಲ್ಲ?’ ಎಂದು ನಕ್ಕು ಹೊರಟುಹೋದನು. ಹೇಳಿದವನು ಅದನ್ನು ಪ್ರೀತಿಯಿಂದಲೇ ಹೇಳಿದನು. ಕೇಳಿದವನು ಅದನ್ನು ತಿರಸ್ಕಾರವೆಂದು ಎತ್ತಿಟ್ಟುಕೊಂಡನು. ಅವನು ಏನನ್ನು ಬೇಡಲು ಬಂದಿದ್ದನೆಂದು ವರ್ತಕನು ಕೇಳಲಿಲ್ಲ. ವರ್ತಕನು ತನಗೆ ಏನನ್ನು ಕೊಟ್ಟಿದ್ದನೆಂದು ಅವನೂ ನೋಡಲಿಲ್ಲ.

ಆ ಕಾಲಕ್ಕೆ ದೊಡ್ಡ ಮನೆತನವೊಂದರಿಂದ ಕರೆ ಬಂದಿತು. ಮದುವೆಯ ಸೀರೆಗಳಿಗಾಗಿ ಮುನ್ನೂರು ಲಡಿ ನೂಲು ಬೇಕು; ಎಲ್ಲವೂ ಒಂದೇ ನೀಲಿಯಾಗಿರಬೇಕು; ಇಂಥ ದಿನಕ್ಕೆ ತಪ್ಪದೆ ತಲುಪಬೇಕು; ತಪ್ಪಿದರೆ ಹೊಳೆಯಾಚೆಯವನಿಗೆ ಹೇಳುವೆವು ಎಂದು ಆ ಮನೆಯವರು ತಿಳಿಸಿದರು. ಆ ಕೆಲಸ ಆಚೆಗೆ ಹೋದರೆ ಈಚೆಯ ಅಂಗಳ ಮುಚ್ಚಬೇಕಾಗುವುದೆಂದು ಎಲ್ಲ ಆಳುಗಳಿಗೂ ತಿಳಿದಿತ್ತು. ಐದು ಗುಡಾಣಗಳಲ್ಲೂ ಹೊಸದಾಗಿ ನೀಲಿಯನ್ನು ಹುಳಿಯಲು ಇಟ್ಟರು. ನೂಲನ್ನು ನೆನೆಸಿ ಸಿದ್ಧಪಡಿಸಿದರು. ಗೊತ್ತಾದ ದಿನಕ್ಕೆ ನಾಲ್ಕು ದಿನ ಉಳಿದಿರಲು ವರ್ತಕನು ಬೆಳಿಗ್ಗೆ ಅಂಗಳಕ್ಕೆ ಬಂದನು.

‘ಏನೋ ಮುದ್ದ, ಹದ ಬಂತೇನೋ?’

ಮುದ್ದಯ್ಯನು ಬೆರಳನ್ನು ಅದ್ದಿ ನಾಲಿಗೆಗೆ ಮುಟ್ಟಿಸಿದನು. ಹದ ಬಂದಿರಲಿಲ್ಲ. ಇನ್ನೊಂದು ದಿನ ಬೇಕಾಗಿತ್ತು, ಒಂದೇ ದಿನ. ಅದನ್ನು ಹೇಳಿದ್ದರೆ ವರ್ತಕನು ಎಂದಿನಂತೆ ಕಾಯುತ್ತಿದ್ದನು. ಕಾಯುವುದಕ್ಕೆ ದಿನವೂ ಇತ್ತು. ಆ ಹೊತ್ತಿಗೆ ಸಂಪಣ್ಣನು ಬಿಳಿಯ ಅಂಗಿಯಲ್ಲಿ ಒಳಗೆ ಬಂದನು. ವರ್ತಕನು ಅವನ ಕಡೆಗೆ ತಿರುಗಿ, ‘ಬನ್ನಿ’ ಎಂದನು.

ಮುದ್ದಯ್ಯನು ಬೆರಳನ್ನು ಪಂಚೆಗೆ ಒರಸಿಕೊಂಡನು.

‘ಹದವನ್ನು ಸಂಪಣ್ಣನವರಲ್ಲಿ ಕೇಳಿ, ಧಣಿ.’

ಇದು ಸುಳ್ಳಲ್ಲ. ಅವನು ಹದ ಬಂದಿದೆಯೆಂದು ಹೇಳಲಿಲ್ಲ, ಬಂದಿಲ್ಲವೆಂದೂ ಹೇಳಲಿಲ್ಲ. ವರ್ತಕನು ಆತುರದಲ್ಲಿದ್ದನು. ಆ ಮಾತಿನ ಒಳಗೇನಿದೆಯೆಂದು ನೋಡದೆ, ‘ಏನು, ಸಂಪಣ್ಣನವರೇ, ಹದ ಬಂದಿದೆಯೇ?’ ಎಂದು ಅಲ್ಲಿಯೇ ಕೇಳಿದನು.

ಸಂಪಣ್ಣನಿಗೆ ಹಿಂಡುವುದು ತಿಳಿದಿತ್ತು, ಹದ ತಿಳಿದಿರಲಿಲ್ಲ. ಮೂರು ತಿಂಗಳ ಹಿಂದಿನ ಸಂಪಣ್ಣನಾಗಿದ್ದರೆ, ನನಗೇನು ಗೊತ್ತು ಧಣಿ, ಮುದ್ದಯ್ಯನನ್ನು ಕೇಳಿ ಎಂದುಬಿಡುತ್ತಿದ್ದನು. ಆದರೆ ಉಳಿದ ಆಳುಗಳೆಲ್ಲ ನೋಡುತ್ತಿದ್ದರು. ‘ನವರು’ ಎಂದು ಕರೆಸಿಕೊಂಡವನು ತಿಳಿಯದೆಂದು ಹೇಳುವುದು ಹೇಗೆ? ಅವನು ಮುದ್ದಯ್ಯನು ಮಾಡುವುದನ್ನು ದಿನವೂ ಕಂಡಿದ್ದನು. ಹಾಗೆಯೇ ಬಗ್ಗಿದನು, ಹಾಗೆಯೇ ಬೆರಳನ್ನು ಅದ್ದಿದನು, ಹಾಗೆಯೇ ಕಣ್ಣುಮುಚ್ಚಿ ನಾಲಿಗೆಗೆ ಮುಟ್ಟಿಸಿಕೊಂಡನು. ಬಂದಿದೆ ಎಂದನು.

ನೂಲು ಇಳಿಯತೊಡಗಿತು. ಮೊದಲನೆಯ ಲಡಿ ಇಳಿದಾಗ ಮುದ್ದಯ್ಯನು ಬಾಯಿ ತೆರೆದನು. ವರ್ತಕನು ಅವನ ಕಡೆ ನೋಡಿದ್ದರೆ ಹೇಳುತ್ತಿದ್ದನೋ ಏನೋ. ವರ್ತಕನು ಸಂಪಣ್ಣನ ಕಡೆ ನೋಡುತ್ತಿದ್ದನು. ಮುದ್ದಯ್ಯನು ಬಾಯಿ ಮುಚ್ಚಿದನು. ಹತ್ತನೆಯ ಲಡಿಗೆ ಇನ್ನೊಮ್ಮೆ ತೆರೆದು ಮುಚ್ಚಿದನು. ಐವತ್ತಾದ ಮೇಲೆ, ಇನ್ನು ಹೇಳಿದರೆ ಮೊದಲೇ ಏಕೆ ಹೇಳಲಿಲ್ಲವೆಂದು ಕೇಳುವರೆಂಬ ಭಯ ಹುಟ್ಟಿತು. ಮುನ್ನೂರು ಲಡಿಗಳೂ ಇಳಿದವು. ಹಗ್ಗದ ಮೇಲೆ ಅವು ಚೆಲುವಾಗಿಯೇ ಕಂಡವು. ತಾನು ನೀಲಿ ಕೂಡಿಸಿಟ್ಟ ಗುಡಾಣಗಳು ಕೆಡುವುದನ್ನು ಒಬ್ಬ ಬಣ್ಣಗಾರನು ದಿನವೆಲ್ಲ ನಿಂತು ನೋಡಿದನು. ಆ ಸಂಕಟದ ನಡುವೆ, ಸಂಪಣ್ಣನ ಬಿಳಿಯ ಅಂಗಿ ಕಣ್ಣಿಗೆ ಬಿದ್ದಾಗಲೆಲ್ಲ ಅವನಿಗೆ ಅಷ್ಟಿಷ್ಟು ಸುಖವೂ ಆಗುತ್ತಿತ್ತು.

ಮರುದಿನ ಹೊಳೆಯಲ್ಲಿ ತೊಳೆದರು. ನೀಲಿಯೆಲ್ಲ ನೀರಿನ ಜೊತೆ ಹೋಯಿತು. ಕೈಯಲ್ಲಿ ಉಳಿದುದು ಬೂದಿಯ ಬಣ್ಣದ ನೂಲು.

ವರ್ತಕನು ಸಂಪಣ್ಣನನ್ನು ಬೈಯಲಿಲ್ಲ. ‘ಬನ್ನಿ, ಕುಳಿತುಕೊಳ್ಳಿ’ ಎಂದು ಮೂರು ತಿಂಗಳು ಕರೆದವನನ್ನು ಬೈಯಲು ಅವನಿಗೆ ನಾಲಿಗೆ ಬರಲಿಲ್ಲ. ಹೋಗಲಿ ಬಿಡಿ, ಸಂಪಣ್ಣನವರೇ ಎಂದಷ್ಟೇ ಹೇಳಿದನು. ಬೈದಿದ್ದರೆ ಸಂಪಣ್ಣನು ತಲೆ ತಗ್ಗಿಸಿ ನಿಂತು, ಮರುದಿನ ಕೆಲಸಕ್ಕೆ ಬರುತ್ತಿದ್ದನು. ಬೈಗುಳವೂ ಇಲ್ಲದ ಮೇಲೆ ಆ ಅಂಗಳದಲ್ಲಿ ನಿಲ್ಲಲು ಅವನಿಗೆ ಜಾಗ ತೋರಲಿಲ್ಲ. ಬೆಳಗಾಗುವ ಹೊತ್ತಿಗೆ ಅವನು ದೋಣಿ ಹತ್ತಿದ್ದನು. ಮದುವೆಯ ನೂಲಿನ ಕೆಲಸವೂ ಅದೇ ದಡಕ್ಕೆ ಹೋಯಿತು.

ಆ ಸಂಜೆ ವರ್ತಕನು ಮುದ್ದಯ್ಯನ ಮನೆಯ ಬಾಗಿಲಿಗೆ ಬಂದನು. ಅವನು ಬರುವನೆಂದು ಮುದ್ದಯ್ಯನು ತಿಳಿದಿದ್ದನು. ಹೀಗೇಕೆ ಮಾಡಿದೆಯೋ ಎಂದು ಕೂಗಿಯಾನು, ಕೂಗಿದರೆ ತಾನೂ ಕೂಗಬೇಕು, ಇಪ್ಪತ್ತೆಂಟು ವರ್ಷದ ಮಾತನ್ನೆಲ್ಲ ಅಂದುಬಿಡಬೇಕು, ಆಮೇಲೆ ಅಳಬೇಕು ಎಂದು ಎಲ್ಲವನ್ನೂ ಕಟ್ಟಿಟ್ಟುಕೊಂಡು ಕುಳಿತಿದ್ದನು. ವರ್ತಕನು ಹೊಸ್ತಿಲಿನ ಹೊರಗೆಯೇ ನಿಂತನು.

‘ಮುದ್ದಯ್ಯನವರೇ, ಹದ ಬಂದಿಲ್ಲವೆಂದು ನಿಮಗೆ ತಿಳಿದಿತ್ತೇ?’

ಮುದ್ದಯ್ಯನು ಹಿಂದಿರುಗಿ ನೋಡಿದನು. ಅಲ್ಲಿ ಯಾರೂ ಇರಲಿಲ್ಲ.

ತಿಳಿದಿತ್ತು ಎಂದನು. ವರ್ತಕನು ತಲೆಯಾಡಿಸಿ, ‘ನಾಳೆ ಬರುವುದಾದರೆ ಬನ್ನಿ’ ಎಂದು ಹೇಳಿ ಹೊರಟುಹೋದನು. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡ ದೇಮವ್ವ ಆ ದಿನ ನಗಲಿಲ್ಲ.

ಮುದ್ದಯ್ಯನು ಮರುದಿನ ಹೋದನು. ಅವನಿಗೆ ಹೋಗಲು ಬೇರೆ ಜಾಗವೂ ಇರಲಿಲ್ಲ, ಇದ್ದಿದ್ದರೂ ಹೋಗುತ್ತಿರಲಿಲ್ಲ. ಅಂಗಳ ಮುಚ್ಚಲಿಲ್ಲ, ಸಣ್ಣದಾಯಿತು. ಐದು ಗುಡಾಣಗಳಲ್ಲಿ ಎರಡು ಉಳಿದವು. ವರ್ತಕನು ಎಂದಿನ ಹೊತ್ತಿಗೆ ಬಂದು, ಮುದ್ದಯ್ಯನವರೇ, ಹದ ಬಂದಿದೆಯೇ ಎಂದು ಕೇಳಿದನು. ಮುದ್ದಯ್ಯನು ನಾಲಿಗೆಗೆ ಮುಟ್ಟಿಸಿ, ಬಂದಿದೆ ಎಂದನು. ಆಗ ವರ್ತಕನು ತಾನೂ ಬಗ್ಗಿ, ಗುಡಾಣಕ್ಕೆ ಬೆರಳನ್ನು ಅದ್ದಿ, ತನ್ನ ನಾಲಿಗೆಗೂ ಮುಟ್ಟಿಸಿಕೊಂಡು ನೋಡಿದನು. ಅವನಿಗೆ ಹದ ತಿಳಿಯದು. ಆದರೂ ನೋಡಿದನು.

ಅಂದಿನಿಂದ ದಿನವೂ ಹಾಗೆಯೇ ನಡೆಯಿತು. ಇಬ್ಬರ ನಾಲಿಗೆಯೂ ನೀಲಿಯಾಯಿತು. ಮುದ್ದಯ್ಯನು ಮುಪ್ಪಿನವನಾಗಿ ಅಂಗಳವನ್ನು ಬಿಡುವವರೆಗೆ ವರ್ತಕನು ಅವನನ್ನು ಒಂದು ಸಲವೂ ತಪ್ಪದೆ ‘ನವರು’ ಎಂದೇ ಕರೆದನು. ಹೊಸದಾಗಿ ಬಂದ ಆಳುಗಳು ಅದನ್ನು ಕೇಳಿ ಅವನಿಗೆ ದಾರಿ ಬಿಡುತ್ತಿದ್ದರು. ಇಂಥ ಮರ್ಯಾದೆ ನಮಗೆಂದು ಬಂದೀತೋ ಎಂದು ಕರುಬುತ್ತಿದ್ದರು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನು, ವರ್ತಕನು ಮೊದಲ ದಿನವೇ ಹದಿನಾಲ್ಕು ಮಂದಿಯನ್ನೂ ‘ಬನ್ನಿ’ ಎಂದು ಕರೆದಿದ್ದರೆ ಏನಾಗುತ್ತಿತ್ತು ಎಂದು ಕೇಳಿದನು.

‘ಆಗ ಅದು ಉಡುಗೊರೆಯಾಗುತ್ತಿರಲಿಲ್ಲ, ನಡತೆಯಾಗುತ್ತಿತ್ತು. ಒಬ್ಬನ ನಡತೆಯಲ್ಲಿ ಎಲ್ಲರಿಗೂ ಪಾಲಿರುವಾಗ ಯಾರೂ ಯಾರನ್ನೂ ನೋಡಿ ಕರುಬಬೇಕಾಗಿಲ್ಲ’ ಎಂದರು ಗುರುಗಳು.

‘ಹಾಗಾದರೆ ತಪ್ಪು ವರ್ತಕನದೇ’ ಎಂದನು ಶಿಷ್ಯ. ಅವನ ದನಿಯಲ್ಲಿ ಭಾರ ಇಳಿದಂತಿತ್ತು.

ಗುರುಗಳು ಅದನ್ನು ಅಲ್ಲಗಳೆಯಲಿಲ್ಲ. ಪಕ್ಕದಲ್ಲಿದ್ದ ನಿನ್ನೆಯ ಓಲೆಯನ್ನು ತೆಗೆದುಕೊಂಡು, ಮಬ್ಬಾದ ಕಣ್ಣುಗಳ ಹತ್ತಿರಕ್ಕೆ ಹಿಡಿದು, ತಾವೇ ಒಂದೊಂದು ಅಕ್ಷರವಾಗಿ ಓದಿದರು.

‘ಮೂರನೆಯ ಸಾಲಿನಲ್ಲಿ ತಪ್ಪೊಂದು ಉಳಿದಿದೆ, ತಾವು ಕಂಡಿರಲಿಲ್ಲವೇ?’

ಶಿಷ್ಯನು ಹಿಂದಿರುಗಿ ನೋಡಿದನು. ಅಲ್ಲಿ ಯಾರೂ ಇರಲಿಲ್ಲ.